ಒಲೆಯ ಎದುರಿನ ಸಮುದ್ರ

ಎಲ್ಲ ಶುರುವಾದದ್ದು ಒಂದು ಒದ್ದೆ ಕಾಲುಚೀಲದಿಂದ.

ಬೆಳಿಗ್ಗೆ ಎದ್ದು ನಡುಮನೆಗೆ ಬಂದ ಕಪ್ತಾನರ ಎಡಗಾಲು ತಣ್ಣಗಾಯಿತು. ಬಗ್ಗಿ ನೋಡಿದರೆ ನೆಲದ ಮೇಲೆ ಅಂಗೈಯಗಲ ನೀರು. ತಲೆಯೆತ್ತಿ ನೋಡಿದರೆ ಮೀನಿನ ತೊಟ್ಟಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂದು ಯೋಚಿಸುತ್ತ ನೇತಾಡುತ್ತಿತ್ತು. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಸಮುದ್ರದ ಮೀನುಗಳು, ಮನೆ ಸೋರುವುದು ಮಾಲೀಕನ ಚಿಂತೆ, ನಮ್ಮದಲ್ಲ ಎನ್ನುವ ಬಾಡಿಗೆದಾರರ ಹಾಗೆ ನಿಶ್ಚಿಂತೆಯಿಂದ ತಿರುಗಾಡುತ್ತಿದ್ದವು.

ಕಪ್ತಾನರು ಅನ್ನುವುದು ಬೀದಿಯವರು ಕೊಟ್ಟ ಹೆಸರು. ಅವರು ಹಡಗು ನಡೆಸಿದವರೇನಲ್ಲ. ಪ್ರಾಯದಲ್ಲಿ, ಈ ದಡದ ಜನರನ್ನು ಆ ದಡಕ್ಕೆ ದಾಟಿಸುವ ಲಾಂಚಿನಲ್ಲಿ ಟಿಕೆಟು ಹರಿಯುತ್ತಿದ್ದವರು. ಚುಕ್ಕಾಣಿ ಮುಟ್ಟಿರಲಿಲ್ಲ. ಈಜಂತೂ ಇವತ್ತಿಗೂ ಬಾರದು. ಆದರೆ ಸಮುದ್ರದ ಮಾತು ಬಂತೆಂದರೆ ಅವರ ಕಣ್ಣು ಎಲ್ಲೋ ದೂರ ಹೋಗಿ ಲಂಗರು ಹಾಕಿಬಿಡುತ್ತಿತ್ತು.

ಮದುವೆಯಾದ ಹೊಸತರಲ್ಲಿ, ಲಾಂಚು ಬಂದು ನಿಲ್ಲುವ ಕಟ್ಟೆಗೆ ಕೂಗಳತೆಯಲ್ಲಿ, ಅವರದೊಂದು ಒಂದೇ ಕೋಣೆಯ ಮನೆಯಿತ್ತು. ಅದರಲ್ಲೇ ಹಾಸಿಗೆ, ಅದರಲ್ಲೇ ಒಲೆ. ಒಲೆಯ ಮೇಲ್ಗಡೆ ಒಂದು ಕಿಟಕಿ, ಕಿಟಕಿಯ ತುಂಬ ಸಮುದ್ರ. ಸಂಜೆಯ ಕೊನೆಯ ಸರತಿಯಲ್ಲಿ ಲಾಂಚು ದಡದ ಕಡೆ ತಿರುಗಿದಾಗ ಅವರು ಚರ್ಮದ ಚೀಲ ಹೆಗಲಿಗೇರಿಸಿ ಮುಂದುಗಡೆ ಬಂದು ನಿಲ್ಲುತ್ತಿದ್ದರು. ಮೊದಲು ಕಿಟಕಿ ಕಾಣುತ್ತಿತ್ತು, ಆಮೇಲೆ ಕಿಟಕಿಯಲ್ಲೊಂದು ಚುಕ್ಕೆ. ಹತ್ತಿರ ಬಂದಂತೆ ಆ ಚುಕ್ಕೆಗೆ ಕಣ್ಣು ಮೂಗು ಮೂಡಿ ಹೆಂಡತಿಯಾಗುತ್ತಿತ್ತು. ಕೈಯಲ್ಲಿ ಸೌಟು, ದೃಷ್ಟಿ ನೀರಿನ ಮೇಲೆ. ಮಳೆಯಿರಲಿ ಬಿಸಿಲಿರಲಿ, ಆರು ವರ್ಷ ಆ ಚುಕ್ಕೆ ಒಂದು ದಿನವೂ ತಪ್ಪಲಿಲ್ಲ. ಎಷ್ಟೋ ದಿನ ಒಲೆಯ ಮೇಲಿನ ಅಡುಗೆ ತಳ ಹತ್ತಿರುತ್ತಿತ್ತು. 'ಸಮುದ್ರ ಅಂದ್ರೆ ಇವಳಿಗೆ ಎಂಥ ಹುಚ್ಚು!' ಎಂದುಕೊಂಡು ಕಪ್ತಾನರು ಸೀದದ್ದನ್ನೂ ಹೆಮ್ಮೆಯಿಂದ ಉಂಡಿದ್ದರು.

ಆಮೇಲೆ ಸೇತುವೆ ಬಂತು, ಲಾಂಚು ನಿಂತಿತು. ದೂರದ ಒಳನಾಡಿನಲ್ಲಿ, ಬಸ್ ನಿಲ್ದಾಣದ ಕಿಂಡಿಯಲ್ಲಿ ಟಿಕೆಟು ಕೊಡುವ ಕೆಲಸ ಸಿಕ್ಕಿತು. ಸಾಮಾನು ಹೇರಿದ ಲಾರಿಯಲ್ಲಿ ಕೂತು ಬರುವಾಗ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಸಂಕಟ ನೋಡಲಾರದೆ ಕಪ್ತಾನರು, "ನೋಡ್ತಿರು, ಒಂದಿನ ನಿನ್ನ ಒಲೆ ಎದುರಿಗೇ ಸಮುದ್ರ ತಂದಿಡ್ತೀನಿ" ಎಂದು ಮಾತು ಕೊಟ್ಟರು. ಅವಳು "ಹೂಂ" ಅಂದಳು.

ಅದಾಗಿ ಮೂವತ್ತು ವರ್ಷ. ಈ ಮನೆಯಲ್ಲಿ ಅವಳು ಒಲೆಯ ಮುಂದೆ ನಿಂತು ತಲೆಯೆತ್ತಿದರೆ, ಅಡುಗೆಮನೆಯ ಬಾಗಿಲಾಚೆ, ಊಟದ ಮೇಜಿನ ಹಿಂದೆ ಕಾಣುವುದು ಒಂದು ಬೋಳು ಗೋಡೆ.

ತನ್ನ ಅಕ್ಕನ ಮಂಡಿಯ ಆಪರೇಷನ್ನಿಗೆಂದು ಹೆಂಡತಿ ಹೋಗಿ ಎಂಟು ದಿನವಾಗಿತ್ತು. ಇವತ್ತು ಸಂಜೆ ಆರರ ಬಸ್ಸಿಗೆ ವಾಪಸ್ಸು. ಕಪ್ತಾನರು ಬಿರುಕನ್ನು ನೋಡಿದರು, ಗೋಡೆಯನ್ನು ನೋಡಿದರು. ದೇವರು ಮನುಷ್ಯನ ಜೊತೆ ಗುಡುಗಿನಲ್ಲೇ ಮಾತಾಡಬೇಕೆಂದಿಲ್ಲ, ಒಂದು ಹನಿಯಲ್ಲೂ ಆಡುತ್ತಾನೆ. ಅವನು ಏನು ಹೇಳಿದನೆಂದು ತಿಳಿಯುವುದರಲ್ಲಿ ಮಾತ್ರ ನಾವು ಸ್ವಲ್ಪ ಅವಸರ ಮಾಡುತ್ತೇವೆ.

ಅವರು ಬಣ್ಣದ ಮೀನಿನ ಅಂಗಡಿಯವನಿಗೆ ಫೋನು ಮಾಡಿದರು.

"ನಾಲ್ಕಡಿ ತೊಟ್ಟಿ ಒಂದಿದೆ ಅಂದಿದ್ಯಲ್ಲಪ್ಪ, ಇನ್ನೂ ಇದೆಯಾ?"

"ಇದೆ ಕಪ್ತಾನ್ರೇ. ಆದ್ರೆ ಅದು ಇನ್ನೂರೈವತ್ತು ಲೀಟರಿಂದು. ಒಂದ್ಸಲ ತುಂಬಿಸಿದ್ಮೇಲೆ ದೇವರು ಬಂದ್ರೂ ಅಲ್ಲಾಡಲ್ಲ. ಎಲ್ಲಿಡೋದು ಅಂತ ಮನೆಯವರನ್ನ ಕೇಳಿದ್ದೀರಾ?"

"ಮೂವತ್ತು ವರ್ಷದಿಂದ ಅವಳು ಕಾಯ್ತಿರೋದೇ ಇದಕ್ಕೆ. ತಗೊಂಡು ಬಾ."

ತೊಟ್ಟಿ ಬರುವುದರೊಳಗೆ ಮೀನುಗಳಿಗೊಂದು ತಂಗುದಾಣ ಬೇಕಲ್ಲ. ಮನೆಯಲ್ಲಿದ್ದ ಎರಡು ಬಕೆಟ್ಟುಗಳಿಗೆ ಹಳೆಯ ನೀರನ್ನೂ ಕಲ್ಲುಗಳನ್ನೂ ತುಂಬಿದ್ದಾಗಿತ್ತು. ಕಪ್ತಾನರು ಹೆಂಡತಿಯ ಅತಿ ದೊಡ್ಡ ಪಾತ್ರೆ ತೆಗೆದರು, ಹಳೆಯ ತೊಟ್ಟಿಯದೇ ನೀರು ಸುರಿದರು, ಮೀನು ಬಿಟ್ಟರು. ಹೊರಗೆ ಹಾರದಿರಲಿ ಎಂದು ಮುಚ್ಚಳ ಓರೆ ಮಾಡಿ ಮುಚ್ಚಿದರು. ಮನೆಯಲ್ಲಿ ಕಾಲಿಗೆ ಸಿಗದಂಥ, ಮಟ್ಟಸವಾದ ಜಾಗ ಒಂದೇ ಉಳಿದಿತ್ತು. ಅಲ್ಲಿಟ್ಟರು. ಗ್ಯಾಸ್ ಒಲೆಯ ಮೇಲೆ.

ತೊಟ್ಟಿ ಹೊತ್ತ ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಎದುರುಮನೆ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಾಗಿತ್ತು. ಬೀದಿಯಲ್ಲಿ ಎಲೆ ಉದುರಿದರೆ ಅದು ಯಾವ ಕೊಂಬೆಯದೆಂದು ಹೇಳಬಲ್ಲ ಹೆಂಗಸು. ಅವಳ ಹಿಂದೆಯೇ ಪಕ್ಕದ ಮನೆಯ ಭೂಗೋಳದ ಮೇಷ್ಟ್ರು. ಮೂವತ್ತೈದು ವರ್ಷ ಶಾಲೆಯಲ್ಲಿ ಸಮುದ್ರ ಕಲಿಸಿ ನಿವೃತ್ತರಾದವರು. ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ.

"ಇದೇನು ಕಪ್ತಾನಣ್ಣ, ಗಾಜಿನ ಪೆಟ್ಟಿಗೆ? ಬಟ್ಟೆ ಅಂಗಡಿ ಇಡ್ತೀರಾ?"

"ಸಮುದ್ರ ಇಡ್ತೀನಿ ಅಕ್ಕ. ನನ್ನ ಹೆಂಡತಿಗೆ. ಬರೋದ್ರೊಳಗೆ ಮುಗೀಬೇಕು."

ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ದೇವರೇ! ನಮ್ಮನೆಯವರು ನನಗೊಂದು ಸ್ಟೂಲು ತಂದುಕೊಟ್ಟವರಲ್ಲ. ಏನು ಮಾಡ್ಬೇಕು ಹೇಳಿ."

ಹಾಗೆ ಕೇಳಿದವರು ಹೇಳಿದ್ದನ್ನು ಮಾಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ದೇವರು ಸಮುದ್ರ ತುಂಬಿಸುವಾಗ ಅಕ್ಕಪಕ್ಕದವರು ಯಾರೂ ಇರಲಿಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ಬಂದಿದೆ.

ಕಬ್ಬಿಣದ ಸ್ಟ್ಯಾಂಡು ಗೋಡೆಗೆ ತಾಗಿ ನಿಂತಿತು, ಅದರ ಮೇಲೆ ತೊಟ್ಟಿ ಕೂತಿತು. ಮೇಷ್ಟ್ರು ಮನೆಗೆ ಓಡಿ ರಸಮಟ್ಟ ತಂದು ಅಂಚಿನ ಮೇಲಿಟ್ಟು ಒಂದು ಕಣ್ಣು ಮುಚ್ಚಿದರು.

"ಎಡಕ್ಕೆ ವಾಲಿದೆ."

ಅಂಗಡಿಯವನು ಬಲಗಡೆ ತಗ್ಗಿಸಿದ.

"ಈಗ ಬಲಕ್ಕೆ ವಾಲಿದೆ. ಕಪ್ತಾನ್ರೇ, ಸಮುದ್ರಮಟ್ಟ ಅಂದ್ರೆ ಏನು? ಎಲ್ಲ ಎತ್ತರಗಳನ್ನೂ ಅದರಿಂದಲೇ ಅಳೆಯೋದು. ಅದೇ ಸೊಟ್ಟಗಿದ್ರೆ ಹಿಮಾಲಯದ ಗತಿಯೇನು?"

"ಹಿಮಾಲಯ ನಾನು ನೋಡ್ಕೋತೀನಿ ಮೇಷ್ಟ್ರೇ. ಕಾಲಡಿಗೆ ಇಡೋಕೆ ಏನಾದ್ರೂ ಇದೆಯಾ?"

ಇತ್ತು. ಮೇಷ್ಟ್ರು ಯಾವ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನೂ ಎಸೆದವರಲ್ಲ. ಒಂದು ಕಟ್ಟು ತಂದು, ಒಂದೊಂದೇ ಮಡಿಸಿ ಸ್ಟ್ಯಾಂಡಿನ ಕಾಲಡಿ ತುರುಕಿದರು. ತುರುಕುವ ಮುನ್ನ ಒಂದೊಂದನ್ನೂ ಓದಿದರು. "ನೋಡಿ, ಇವನು ಭೂಮಧ್ಯರೇಖೆ ಕಬ್ಬಿಣದ್ದು ಅಂತ ಬರೆದಿದ್ದ. ಈಗ ಸರಕಾರಿ ಇಂಜಿನಿಯರು. ಪಾಪ, ಒಳ್ಳೆ ಹುಡುಗ." ಹೀಗೆ ಎಂಟು ವಿದ್ಯಾರ್ಥಿಗಳ ತಪ್ಪುಗಳ ಮೇಲೆ ಸಮುದ್ರ ಸಮನಾಗಿ ನಿಂತಿತು. ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

ಹನ್ನೊಂದಕ್ಕೆ ನಲ್ಲಿ ನಿಲ್ಲುತ್ತದೆ. ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿದ್ದಾಗ ನಲ್ಲಿಗೆ ಸಿಕ್ಕಿಸಿದ್ದ ಕೊಳವೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ನಮ್ಮನೇಲಿ ಎರಡು ಡ್ರಮ್ಮಿದೆ!" ಎಂದಳು ಅಕ್ಕ. ಅಲ್ಲಿಂದ ಶುರುವಾಯಿತು ಮೆರವಣಿಗೆ. ಅಕ್ಕ ತುಂಬಿಕೊಟ್ಟಳು, ಕಪ್ತಾನರು ಹೊತ್ತರು, ಮೇಷ್ಟ್ರು ಪ್ರತಿ ಬಿಂದಿಗೆಗೂ ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಬೀದಿಯ ಉದ್ದಕ್ಕೂ ಒದ್ದೆ ಹೆಜ್ಜೆಗಳು. ಹನ್ನೆರಡನೆಯ ಬಿಂದಿಗೆಗೆ ಕಪ್ತಾನರ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಆದರೂ ಬಗ್ಗಿದ ಬೆನ್ನಿನ ಒಳಗೊಂದು ಹಳೆಯ ಹುರುಪು. ಸಂಜೆ ಅವಳು ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಚೀಲ ಹಾಗೇ ಬಿಟ್ಟು, 'ರೀ...' ಅನ್ನುವ ಒಂದು ಕ್ಷಣ. ಆ ಕ್ಷಣಕ್ಕಾಗಿ ಇನ್ನೂ ಇಪ್ಪತ್ತು ಬಿಂದಿಗೆ ಹೊರಬಹುದಿತ್ತು.

ಅಂಗಡಿಯವನು ನಲ್ಲಿನೀರಿನ ಔಷಧಿಯಂಶ ಹೋಗಲೆಂದು ಏನೋ ನಾಲ್ಕು ಹನಿ ಹಾಕಿದ. ಪಂಪು, ಹೀಟರು ಕೂರಿಸಿದ. ಒಂಬತ್ತು ಕಿಲೋ ಸಮುದ್ರದ ಉಪ್ಪಿನ ಚೀಲವನ್ನೂ, ಉಪ್ಪಿನಂಶ ಅಳೆಯುವ ಗಾಜಿನ ಕೊಳವೆಯನ್ನೂ ಕಪ್ತಾನರ ಕೈಗೆ ಕೊಟ್ಟ.

"ಅಂಗಡಿ ಬಾಗಿಲು ಹಾಕಿ ಬಂದಿದ್ದೀನಿ. ಮೂರು ಗಂಟೆಗೆ ಬರ್ತೀನಿ. ಸ್ವಲ್ಪ ಸ್ವಲ್ಪವಾಗಿ ಉಪ್ಪು ಕರಗಿಸ್ತಾ ಹೋಗಿ. ಕೊಳವೆ ಹಸಿರು ಗೆರೆವರೆಗೆ ತೇಲಿದ್ರೆ ನಿಲ್ಲಿಸಿ. ಹೆಚ್ಚಾದ್ರೂ ಕಷ್ಟ, ಕಡಿಮೆಯಾದ್ರೂ ಕಷ್ಟ, ಮೀನು ಉಳಿಯಲ್ಲ. ಕೊಳವೆ ಜೋಪಾನ."

ಅವನ ಗಾಡಿಯ ಸದ್ದು ಅಡಗುವುದರೊಳಗೆ ಮೇಷ್ಟ್ರು, "ಎಲ್ಲಿ ಕೊಡಿ, ಸಾವಿರಕ್ಕೆ ಮೂವತ್ತೈದು ಪಾಲು ಬರಬೇಕು" ಎಂದು ಕೊಳವೆ ಇಸಿದುಕೊಂಡರು. ಬೆಳಕಿಗೆ ಹಿಡಿದರು. ಕನ್ನಡಕ ಹಣೆಗೇರಿಸಿದರು. ಕನ್ನಡಕ ಜಾರಿತು. ಅದನ್ನು ಹಿಡಿಯಲು ಹೋದ ಕೈಯಲ್ಲೇ ಕೊಳವೆಯಿತ್ತು.

ಟಣ್ ಎಂದಿತು.

ಮೂವರೂ ನೆಲ ನೋಡಿದರು. ಮೇಷ್ಟ್ರು ಮೆಲ್ಲಗೆ, "ಕನ್ನಡಕ ಸಿಕ್ಕಿತು" ಎಂದರು.

"ಅದಕ್ಯಾಕೆ ಚಿಂತೆ?" ಎಂದು ಅಕ್ಕ ಒಂದು ಚಮಚ ತಂದಳು. "ಮೂವತ್ತು ವರ್ಷದಿಂದ ಅಡುಗೆ ಮಾಡ್ತಿದ್ದೀನಿ. ಯಾವ ಕೊಳವೆ ಹಾಕಿ ನೋಡಿದ್ದೀನಿ?" ಕಪ್ತಾನರು ಉಪ್ಪು ಸುರಿದಂತೆಲ್ಲ ಅವಳು ಚಮಚದಲ್ಲಿ ನೀರು ಎತ್ತಿ ಚಪ್ಪರಿಸಿದಳು. "ಇನ್ನೂ ಸಪ್ಪೆ. ಇನ್ನೊಂದು ಹಿಡಿ. ಹಾಂ, ಈಗ ಬಾಯಿಗೆ ಹತ್ತುತ್ತೆ. ಸಾಕು. ಒಂಚೂರು ಮೆಣಸಿನಪುಡಿ..."

"ಅಕ್ಕಾ!"

"ಅಭ್ಯಾಸಬಲ, ಅಣ್ಣ."

ಮೇಷ್ಟ್ರೂ ಚಮಚ ಹಿಡಿದರು. ಅವರಿಗೆ ರಕ್ತದೊತ್ತಡ. ಮನೆಯಲ್ಲಿ ಹತ್ತು ವರ್ಷದಿಂದ ಉಪ್ಪಿಲ್ಲದ ಊಟ. ಒಂದು ಚಮಚ ಕುಡಿದರು, ಕಣ್ಣು ಮುಚ್ಚಿದರು, ಇನ್ನೊಂದು ಕುಡಿದರು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಕಪ್ತಾನರು ಚಮಚ ಕಿತ್ತುಕೊಂಡರು. "ಮೇಷ್ಟ್ರೇ, ಇದು ಅಳತೆಯೋ, ಊಟವೋ?"

"ಸಾಕಷ್ಟಾಗಿದೆ ಅಂತ ನನ್ನ ಅಭಿಪ್ರಾಯ," ಎಂದರು ಮೇಷ್ಟ್ರು ತೃಪ್ತಿಯಿಂದ.

"ಇನ್ನೂ ಬೇಕು" ಎಂದಳು ಅಕ್ಕ.

ಒಬ್ಬರ ನಾಲಿಗೆ ಉಪ್ಪು ಮರೆತದ್ದು, ಇನ್ನೊಬ್ಬರದು ಉಪ್ಪಿನಲ್ಲೇ ಮುಳುಗಿದ್ದು. ಇಬ್ಬರ ನಡುವೆ ವಾದ ಕಾವೇರಿತು. "ನಿಮ್ಮಂಥವರ ಜೊತೆ ಮಾತಾಡೋದ್ಕಿಂತ ಒಂದು ಲೋಟ ಚಹಾ ಮಾಡೋದು ಮೇಲು" ಎಂದು ಅಕ್ಕ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿಂದಲೇ ಕೂಗಿದಳು.

"ಕಪ್ತಾನಣ್ಣ, ನೀವು ಎಂಥ ಮರೆಗುಳಿ! ಅಡುಗೆಗಿಟ್ಟವರು ಒಲೆ ಹೊತ್ತಿಸೋದೇ ಮರೆತಿದ್ದೀರಲ್ಲ. ನಾನು ಹೊತ್ತಿಸಿದ್ದೀನಿ, ಸಣ್ಣ ಉರಿ ಇಟ್ಟಿದ್ದೀನಿ. ಈರುಳ್ಳಿ ಹೆಚ್ತಾ ಇದ್ದೀನಿ!"

ಕಪ್ತಾನರು ಹೇಗೆ ಒಳಗೆ ಹೋದರೆಂದು ಅವರಿಗೇ ಗೊತ್ತಿಲ್ಲ. ಬಗ್ಗಿದ್ದ ಬೆನ್ನು ಒಂದೇ ನೆಗೆತಕ್ಕೆ ನೆಟ್ಟಗಾಗಿತ್ತು. ಒಲೆ ಆರಿಸಿ, ಬರಿಗೈಯಲ್ಲಿ ಪಾತ್ರೆ ಇಳಿಸಿ, ಮುಚ್ಚಳ ತೆಗೆದರು. ಬೆರಳದ್ದಿದರು. ನೀರು ಸ್ನಾನಕ್ಕೆ ಹದವಾಗಿತ್ತು. ಮೀನುಗಳು ಎಂದಿಲ್ಲದ ಚುರುಕಿನಲ್ಲಿ ಪಾತ್ರೆಯ ಸುತ್ತ ಓಡುತ್ತಿದ್ದವು. ಅಕ್ಕ ಇಣುಕಿ, ಕೈಯಲ್ಲಿದ್ದ ಈರುಳ್ಳಿ ಹೋಳುಗಳನ್ನು ನಿಧಾನವಾಗಿ ಬೆನ್ನ ಹಿಂದೆ ಮಾಡಿದಳು.

"ಜೀವ ಇದೆಯಾ?"

"ಇದೆ. ಈ ಪಾತ್ರೇಲಿ ರಾತ್ರಿವರೆಗೆ ಇಟ್ಟರೆ ಇರಲ್ಲ. ತೊಟ್ಟಿಗೆ ಬಿಡ್ಬೇಕು."

ಆದರೆ ತೊಟ್ಟಿಯ ಉಪ್ಪು? ಚೀಲದಲ್ಲಿ ಇನ್ನೂ ಎರಡು ಲೋಟದಷ್ಟು ಉಳಿದಿತ್ತು. ಹಾಕಬೇಕೋ, ಬಿಡಬೇಕೋ? ತಪ್ಪಿದರೆ ಸಂಜೆ ಹೆಂಡತಿಗೆ ತೋರಿಸಬೇಕಾದದ್ದು ಸಮುದ್ರವಲ್ಲ, ಎರಡು ಹೆಣ.

ಕಪ್ತಾನರು ಚಮಚ ಪಕ್ಕಕ್ಕಿಟ್ಟರು. ಬೊಗಸೆಯಲ್ಲಿ ನೀರೆತ್ತಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ನಿಲ್ಲಿಸಿದರು. ಮೇಷ್ಟ್ರೂ ಅಕ್ಕನೂ ಅವರ ಬಾಯನ್ನೇ ನೋಡುತ್ತ ನಿಂತರು. ಕಪ್ತಾನರು ಮಾತ್ರ ಅಲ್ಲಿರಲಿಲ್ಲ. ಗಾಳಿಗೆ ಎದುರಾಗಿ ಲಾಂಚು ಮೂಗೆತ್ತಿ ಕುಕ್ಕಿದಾಗ ಮುಖಕ್ಕೆ ಹೊಡೆದು ತುಟಿಗಿಳಿಯುತ್ತಿದ್ದ ಹನಿಗಳು, ಡೀಸೆಲಿನ ವಾಸನೆ, ಒದ್ದೆಯಾದ ಟಿಕೆಟು ಕಟ್ಟು, ಯಾರದೋ ಬುಟ್ಟಿಯಲ್ಲಿ ಕೊಕ್ಕೊಕ್ಕೋ ಎನ್ನುವ ಕೋಳಿ, ದೂರದಲ್ಲೊಂದು ಚುಕ್ಕೆ. ದೇವರು ಕೆಲವು ನೆನಪುಗಳನ್ನು ತಲೆಯಲ್ಲಿಡದೆ ನಾಲಿಗೆಯಲ್ಲಿಡುತ್ತಾನೆ, ಅಲ್ಲಿ ಬೇಗ ಹಳಸುವುದಿಲ್ಲವೆಂದು.

"ಇನ್ನೊಂದು ಲೋಟ," ಎಂದರು ಕಣ್ಣು ತೆರೆಯದೆ.

ಹಾಕಿದರು. ಕಲಕಿದರು. ಮತ್ತೆ ಬೊಗಸೆ. ಈ ಸಲ ಅವರು ಅದನ್ನು ನುಂಗಿಯೇಬಿಟ್ಟರು. ಕಣ್ಣಂಚು ಒದ್ದೆಯಾಗಿತ್ತು.

"ಇದೇ," ಎಂದರು.

ಮೂರಕ್ಕೆ ಬಂದ ಅಂಗಡಿಯವನು ನೆಲದ ಗಾಜಿನ ಚೂರು ನೋಡಿ ಹಣೆ ಬಡಿದುಕೊಂಡ. ಚೀಲದಿಂದ ಇನ್ನೊಂದು ಕೊಳವೆ ತೆಗೆದು ನೀರಿಗೆ ಬಿಟ್ಟ. ಅದು ಎರಡು ಸಲ ತಲೆ ಕುಣಿಸಿ ಹಸಿರು ಗೆರೆಯ ಮೇಲೆ ನಿಂತಿತು. ಅವನು ಕಪ್ತಾನರ ಮುಖವನ್ನೂ ಕೊಳವೆಯನ್ನೂ ನೋಡಿದ. "ನೀವು ನಿಜವಾಗ್ಲೂ ಕಪ್ತಾನ್ರೇ ಸ್ವಾಮಿ," ಎಂದ. ಮೂವತ್ತು ವರ್ಷದಲ್ಲಿ ಆ ಹೆಸರನ್ನು ನಗದೆ ಹೇಳಿದವನು ಅವನೊಬ್ಬನೇ.

ಹಳೆಯ ಕಲ್ಲುಗಳು ಇಳಿದವು, ಹಳೆಯ ನೀರು ಬೆರೆಯಿತು. ಪಾತ್ರೆಯ ನೀರಿಗೆ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಸೇರಿಸಿ, ಕೊನೆಗೆ ಮೀನುಗಳನ್ನು ಬಿಟ್ಟಾಗ ಐದೂವರೆ. ನೀಲಿ ದೀಪ ಹಾಕಿದರು. ಬೋಳು ಗೋಡೆ ಮಾಯವಾಯಿತು. ಅಲೆಯ ನೆರಳು ಊಟದ ಮೇಜಿನ ಮೇಲೆ, ಚಾವಣಿಯ ಮೇಲೆ, ಮೇಷ್ಟ್ರ ಬೋಳುತಲೆಯ ಮೇಲೆ ತೂಗಾಡಿತು. "ಹೀಗಿರುತ್ತಾ!" ಎಂದರು ಮೇಷ್ಟ್ರು, ಚಿಕ್ಕ ಮಗುವಿನ ದನಿಯಲ್ಲಿ. ಇಷ್ಟು ವರ್ಷ ಪಾಠ ಮಾಡಿದ್ದು ಇದನ್ನೇ ಎಂದು ಅವರಿಗೆ ಈಗ ತಿಳಿದ ಹಾಗಿತ್ತು.

ಆರೂಕಾಲಿಗೆ ಗೇಟಿನ ಸದ್ದಾಯಿತು. ನಾಲ್ವರೂ ಪರೀಕ್ಷೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತರು. ಕಪ್ತಾನರು ಹೆಂಡತಿಯ ಹೆಗಲು ಹಿಡಿದು ನೇರವಾಗಿ ಅಡುಗೆಮನೆಗೆ ಕರೆದೊಯ್ದು ಒಲೆಯ ಮುಂದೆ ನಿಲ್ಲಿಸಿದರು.

"ಈಗ ತಲೆಯೆತ್ತು."

ಅವಳು ತಲೆಯೆತ್ತಿದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. "ರೀ..." ಎಂದಳು.

ಕಪ್ತಾನರು ಅಂದುಕೊಂಡ ಹಾಗೆಯೇ ಎಲ್ಲ ನಡೆದಿತ್ತು.

"ಮಾತು ಕೊಟ್ಟಿದ್ದೆ ನೋಡು. ನಿನ್ನ ಒಲೆ ಎದುರಿಗೇ..."

"ಇದನ್ನ ಇಲ್ಲಿಂದ ತೆಗೀರಿ."

"ಏನಂದೆ?"

"ತೆಗೀರಿ ಅಂದೆ. ಇದನ್ನ ನೋಡ್ಕೊಂಡು ನಾನು ಅಡುಗೆ ಮಾಡಲ್ಲ." ಅವಳು ತೊಟ್ಟಿಗೆ ಬೆನ್ನು ತಿರುಗಿಸಿದಳು. "ಆರು ವರ್ಷ ರೀ. ಆರು ವರ್ಷ ಆ ಕಿಟಕೀಲಿ ನಿಂತೆ. ನೀರು ಚೆನ್ನಾಗಿದೆ ಅಂತ ನಿಂತೆ ಅಂದ್ಕೊಂಡ್ರಾ? ಆ ಹಾಳು ಲಾಂಚು ಇವತ್ತು ಬರುತ್ತೋ, ಮುಳುಗುತ್ತೋ ಅಂತ ನಿಂತೆ. ಹೇರಿದ್ರೆ ನೂರು ಜನರನ್ನ ಹೇರ್ತಿದ್ರಿ, ನಿಮಗೋ ಈಜು ಬಾರದು. ಒಂದು ಅಲೆ ಎದ್ರೆ ನನ್ನ ಜೀವ ಬಾಯಿಗೆ ಬರ್ತಿತ್ತು. ಒಲೆ ಮೇಲಿದ್ದದ್ದು ಸೀದು ಹೋದ್ರೂ ಗೊತ್ತಾಗ್ತಿರಲಿಲ್ಲ. ಊರು ಬಿಟ್ಟ ದಿನ ಲಾರೀಲಿ ಕೂತು ದೇವರಿಗೆ ಎಷ್ಟು ಕೈ ಮುಗಿದಿದ್ದೀನಿ! ನೀವು ಸಮುದ್ರ ತಂದಿಡ್ತೀನಿ ಅಂದ್ರಿ. ತಮಾಷೆ ಅಂತ ಹೂಂ ಅಂದೆ."

ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ಅಮ್ಮ, ಈಗ ಇದನ್ನ ಸರಿಸೋಕೆ ಆಗಲ್ಲ. ಮುನ್ನೂರು ಕಿಲೋ ಮೇಲಿದೆ. ಮತ್ತೆ ಖಾಲಿ ಮಾಡಿದ್ರೆ ಮೀನು ಸಾಯ್ತವೆ."

"ಸಾಯೋದು ಬೇಡ," ಎಂದಳು ಅವಳು. ಕೋಣೆಗೆ ಹೋಗಿ ಹಳೆಯ ದಪ್ಪ ಪರದೆಯೊಂದನ್ನು ತಂದಳು. ಮೇಷ್ಟ್ರನ್ನು ಸ್ಟೂಲು ಹತ್ತಿಸಿ, ಎರಡು ಮೊಳೆ ಹೊಡೆಸಿ, ಹಗ್ಗ ಕಟ್ಟಿಸಿ, ತೊಟ್ಟಿಯ ಮುಂದೆ ಪರದೆ ಎಳೆದಳು. ಸಮುದ್ರ ಅಳಿಸಿಹೋಯಿತು. ನೆರೆಯವರು ಫಲಿತಾಂಶ ನೋಡಿದ ಮಕ್ಕಳ ಹಾಗೆ ಒಬ್ಬೊಬ್ಬರಾಗಿ ಜಾರಿಕೊಂಡರು.

"ಮನೇಲಿ ಬ್ರೆಡ್ಡೂ ಇಲ್ಲ, ಮೊಟ್ಟೆಯೂ ಇಲ್ಲ. ಹೋಗಿ ತನ್ನಿ," ಎಂದಳು.

ಕಪ್ತಾನರು ಹೋದರು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರು. ಚರ್ಮದ ಚೀಲ ಹೆಗಲಿಗೇರಿಸಿ ಲಾಂಚಿನ ಮುಂದುಗಡೆ ನಿಲ್ಲುತ್ತಿದ್ದ ಆ ಯುವಕ ನೆನಪಾದ. ತಾನು ನೋಡಿಕೊಂಡು ಹಿಗ್ಗುತ್ತಿದ್ದ ಆ ಚುಕ್ಕೆಯ ಒಳಗೆ ಅಷ್ಟೊಂದು ಹೆದರಿಕೆ ಕೂತಿತ್ತೆ? ಅಷ್ಟು ದೂರದಿಂದ ಕಾಣದೆ ಇದ್ದದ್ದು ಸಹಜ. ಒಂದೇ ಮೇಜಿನ ಆಚೀಚೆ ಕೂತು ಮೂವತ್ತು ವರ್ಷವೂ ಕಾಣಲಿಲ್ಲವಲ್ಲ. ಹೀಗೆ ಯೋಚಿಸುತ್ತ ಮುಕ್ಕಾಲು ಗಂಟೆ ಕಳೆದದ್ದು ಅವರಿಗೆ ತಿಳಿಯಲಿಲ್ಲ.

ಮುಂಬಾಗಿಲಿಂದ ಹೋಗಲು ಮುಖವಿಲ್ಲದೆ ಹಿತ್ತಿಲ ಬಾಗಿಲು ತಳ್ಳಿದರು. ಮನೆಯಲ್ಲಿ ಬೇರೆ ದೀಪವಿರಲಿಲ್ಲ, ನೀಲಿ ಬೆಳಕೊಂದೇ. ಪರದೆ ಪೂರ್ತಿ ಪಕ್ಕಕ್ಕೆ ಸರಿದಿತ್ತು. ತೊಟ್ಟಿಯ ಎದುರು ಸ್ಟೂಲು ಹಾಕಿಕೊಂಡು, ಗಲ್ಲಕ್ಕೆ ಕೈಯಿಟ್ಟು, ಹೆಂಡತಿ ಕೂತಿದ್ದಳು. ರೆಪ್ಪೆ ಬಡಿಯದೆ ನೀರನ್ನೇ ನೋಡುತ್ತಿದ್ದಳು. ಪಟ್ಟೆಯ ಮೀನುಗಳು ಅವಳ ಮುಖದೆದುರು ಹೋಗಿ ಬಂದು ಮಾಡುತ್ತಿದ್ದವು.

ಕಪ್ತಾನರ ಎದೆ ತುಂಬಿಬಂತು. ಸದ್ದಿಲ್ಲದೆ ಮುಂದೆ ಬಂದು ಇನ್ನೊಂದು ಸ್ಟೂಲಿಗೆ ಕೈ ಹಾಕಿದರು.

ಅವಳು ತಿರುಗಿದಳು. ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. "ಬಂದ್ರಾ?" ಎಂದು ದೀರ್ಘವಾಗಿ ಉಸಿರು ಬಿಟ್ಟಳು. ಎದ್ದು ಪರದೆಯನ್ನು ಆ ತುದಿಯಿಂದ ಈ ತುದಿಗೆ ಎಳೆದಳು.

"ಇರಲಿ ಬಿಡೇ, ಸ್ವಲ್ಪ ತೆರೆದಿರಲಿ. ಬೆಳಗಿಂದ ಒದ್ದಾಡಿದ್ದೀನಿ, ಕೂತು ನೋಡೋಕೇ ಆಗಿಲ್ಲ. ನಾನೂ ನೋಡ್ತೀನಿ."

"ನೀವು ಬಂದಾಯ್ತಲ್ಲ," ಎಂದಳು ಹೆಂಡತಿ, ಅವರ ಕೈಯಿಂದ ಮೊಟ್ಟೆಯ ಪೊಟ್ಟಣ ತೆಗೆದುಕೊಳ್ಳುತ್ತ. "ಇನ್ನು ಅಲ್ಲಿ ನೋಡೋದೇನಿದೆ?"

ಪರದೆಯ ಆಚೆ ಪಂಪು ಗುಳುಗುಳು ಎನ್ನುತ್ತಿತ್ತು. ಕಪ್ತಾನರು ಅದನ್ನಷ್ಟೇ ಕೇಳುತ್ತ ಬ್ರೆಡ್ಡು ಕತ್ತರಿಸಲು ಕೂತರು.